ಮರಿಯಮ್ಮನಿಗೆ ಸಲ್ಲದ ಉಪ್ಪು

ನನ್ನ ತಮ್ಮ ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ತೂಕ ದಿನೇ ದಿನೇ ಏರುತ್ತಿತ್ತು. ಬೆಳಿಗ್ಗೆ ನರ್ಸಮ್ಮ ಬಂದು, ರಟ್ಟೆ ಹಿಡಿದು ಎಬ್ಬಿಸಿ, ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದಳು. ಹಿರಿಯೂರಿನಿಂದ ಅಮ್ಮ ಫೋನು ಮಾಡಿದರೆ ಮೊದಲು ಕೇಳುತ್ತಿದ್ದುದು ಅದನ್ನೇ. "ತೂಕ ಎಷ್ಟು ಬಂತೇ?" ಜಾಸ್ತಿಯಾಗಿದೆ ಎಂದರೆ, "ಸದ್ಯ, ಮೈ ಕೈ ತುಂಬ್ಕೊಳ್ತಾ ಇದಾನೆ" ಎಂದು ಹಿಗ್ಗುತ್ತಿದ್ದಳು. ತುಂಬಿಕೊಳ್ಳುತ್ತಿದ್ದುದು ನೀರು. ಲಿವರ್ ಕೈಕೊಟ್ಟಿತ್ತು, ಹೊಟ್ಟೆ ತಮಟೆಯಂತೆ ಬಿಗಿದಿತ್ತು, ಕೈಕಾಲು ಮಾತ್ರ ಕಡ್ಡಿ. ಇದನ್ನು ಅಮ್ಮನಿಗೆ ಬಿಡಿಸಿ ಹೇಳುವ ಧೈರ್ಯ ನನಗೆ ಬಂದಿರಲಿಲ್ಲ.

ತಮ್ಮನಿಗೆ ಎಲ್ಲವೂ ಗೊತ್ತಿತ್ತು. ಊರಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡು ಬದುಕಿಡೀ ತಕ್ಕಡಿಯ ಮುಂದೆ ಕೂತವನು. "ಒದ್ದೆ ರಾಗಿ ತೂಕ ಅಕ್ಕ ಇದು. ಒಣಗಿಸಿ ನೋಡಿದ್ರೆ ಏನೂ ಇರಲ್ಲ" ಎಂದಿದ್ದ. ಮದುವೆಯಾಗಲಿಲ್ಲ, ಅಮ್ಮನ ಜೊತೆಗೇ ಇದ್ದ. ಬೀಡಿ ಸೇದಿದವನಲ್ಲ, ಒಂದು ತೊಟ್ಟು ಕುಡಿದವನಲ್ಲ. ಆದರೂ ಹೊಸ ಡಾಕ್ಟರು ಬಂದಾಗಲೆಲ್ಲ "ಡ್ರಿಂಕ್ಸ್ ತಗೋತಿದ್ರಾ?" ಎಂದು ಕೇಳುತ್ತಿದ್ದರು, ನಾನು ಇಲ್ಲ ಎಂದರೆ ನನ್ನ ಮುಖವನ್ನೊಮ್ಮೆ ನೋಡುತ್ತಿದ್ದರು. ಎಲ್ಲ ಅಕ್ಕಂದಿರೂ ಹೀಗೇ ಹೇಳುತ್ತಾರೆ ಎನ್ನುವ ನೋಟ ಅದು. ಹಾಗೆ ನೋಡಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವನ ಊಟಕ್ಕೆ ಉಪ್ಪು ಹಾಕುವಂತಿರಲಿಲ್ಲ. ಆಸ್ಪತ್ರೆಯ ಸಪ್ಪೆ ಸಾರನ್ನು ಕಲಸುತ್ತ ನಗುತ್ತಿದ್ದ. "ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ. ನನಗೆ ಉಪ್ಪೂ ಇಲ್ಲ, ನೀರಿಗೂ ಲೆಕ್ಕ. ಯಾರೋ ತಿಂದಿದ್ದಕ್ಕೆ ನನ್ನ ಹೊಟ್ಟೆ ತುಂಬ್ತಾ ಇದೆ ನೋಡು." ನಾನು ನಗಲಿಲ್ಲ. ಮೂರು ದಶಕ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು ನಾನು, ಗಾದೆಗಳೆಂದರೆ ಪ್ರಾಣ. ಆ ಮಂಚದ ಪಕ್ಕ ಕೂತಾಗ ಮಾತ್ರ ಅವುಗಳ ಮೇಲೆ ಸಿಟ್ಟು ಬಂತು.

ಒಂದು ಮಧ್ಯಾಹ್ನ ದೊಡ್ಡ ಡಾಕ್ಟರು ನನ್ನನ್ನು ವಾರ್ಡಿನಾಚೆ ಕರೆದರು. ಲಿವರ್ ಬದಲಾಯಿಸುವ ಹಂತ ದಾಟಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದರು. "ಊರಿಗೆ ಕರ್ಕೊಂಡು ಹೋಗೋದಾದ್ರೆ ಹೋಗ್ಬಹುದು ಮೇಡಂ. ಅಲ್ಲಿ ಮನೆಯವರೆಲ್ಲ ಇರ್ತಾರೆ" ಎಂದು ಮೆಲ್ಲಗೆ ಸೇರಿಸಿದರು. ಅವತ್ತು ಸಂಜೆ ಅಮ್ಮನ ಫೋನು ಬಂದಾಗ ತೂಕದ ಸುಳ್ಳು ಮುಂದುವರಿಸಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಅಮ್ಮ ಅಳಲಿಲ್ಲ. "ಅದು ಮಾರಮ್ಮ ಅಲ್ಲ ಕಣೆ" ಎಂದಳು. "ಮರಿಯಮ್ಮ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಅವಳು ಹೇಳಿದ್ದು ಇಷ್ಟು.

ತಮ್ಮ ಹುಟ್ಟಿದಾಗ ಅಪ್ಪ ರಸ್ತೆ ಕೆಲಸದ ಮೇಸ್ತ್ರಿ. ಯಲಹಂಕದ ಕಡೆ ಕೆಲಸ ನಡೆಯುತ್ತಿತ್ತು, ಅಲ್ಲೇ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದ. ನಾನಾಗ ಹಿರಿಯೂರಿನಲ್ಲಿ ಅಜ್ಜಿಯ ಹತ್ತಿರ ಇದ್ದೆ. ಕೂಸು ಮೊಲೆ ಹಿಡಿಯದೆ ಒಣಗುತ್ತ ಹೋಯಿತಂತೆ. ಪಕ್ಕದ ಮನೆಯಲ್ಲಿ ಒಬ್ಬ ಕ್ರೈಸ್ತ ಹೆಂಗಸು. ಅವಳು ಅಮ್ಮನನ್ನೂ ಕೂಸನ್ನೂ ತಮ್ಮ ಗುಡಿಗೆ ಕರೆದುಕೊಂಡು ಹೋದಳು. ಆ ಕಡೆಯ ಹಳೆಯ ಕ್ರೈಸ್ತರು ಚರ್ಚು ಅನ್ನುತ್ತಿರಲಿಲ್ಲ, ಗುಡಿ ಅನ್ನುತ್ತಿದ್ದರು. ಒಳಗೆ ನೀಲಿ ಸೀರೆ ಉಟ್ಟ ಮರಿಯಮ್ಮ. "ಮಗು ಉಳಿದ್ರೆ ಅದರ ತೂಕದ ಉಪ್ಪು ಕೊಡ್ತೀನಿ ಅಂತ ಹೇಳ್ಕೋ" ಎಂದಳಂತೆ ಆ ಹೆಂಗಸು. ಅಮ್ಮ ಹಾಗೇ ಹೇಳಿಕೊಂಡಳು. ಕೂಸು ಮೊಲೆ ಹಿಡಿಯಿತು.

ಹರಕೆ ತೀರಿಸುವ ಮೊದಲೇ ಅಪ್ಪನಿಗೆ ವರ್ಗವಾಗಿ ಎಲ್ಲರೂ ಊರಿಗೆ ಬಂದರು. ಅಮ್ಮ ಅತ್ತೆಯ ಮುಂದೆ ಅಂಜುತ್ತ, "ಮರಿಯಮ್ಮನಿಗೆ ಉಪ್ಪು ಹರಸ್ಕೊಂಡಿದೀನಿ" ಎಂದಳು. ಅಜ್ಜಿಗೆ ಕೇಳಿಸಿದ್ದು ಮಾರಮ್ಮ. "ಅಲ್ಲೀ ತಂಕ ಯಾಕೆ ಹೋಗ್ಬೇಕು? ಎಲ್ಲಿದ್ರೂ ಮಾರಮ್ಮ ಮಾರಮ್ಮನೇ" ಎಂದು ನಮ್ಮೂರ ಮಾರಮ್ಮನ ಗುಡಿಯಲ್ಲೇ ತಕ್ಕಡಿ ಕಟ್ಟಿಸಿದಳು. ಒಂದು ತಟ್ಟೆಯಲ್ಲಿ ತಮ್ಮ, ಇನ್ನೊಂದರಲ್ಲಿ ಉಪ್ಪು. ಅದು ನನಗೂ ಮಸುಕಾಗಿ ನೆನಪಿದೆ, ಅವನು ಉಪ್ಪಿನ ಹರಳು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ್ದ. ಅಮ್ಮ ಪಕ್ಕದಲ್ಲಿ ಸೆರಗು ಹೊದ್ದು ನಿಂತಿದ್ದಳು. ಅತ್ತೆಯ ಮಾತು ತಿದ್ದುವ ಸೊಸೆಯಾಗಿರಲಿಲ್ಲ ಅವಳು.

"ಒಬ್ಬಳಿಗೆ ಹೇಳ್ಕೊಂಡು ಇನ್ನೊಬ್ಬಳಿಗೆ ಕೊಟ್ಟುಬಿಟ್ಟೆ ಕಣೆ. ಬಾಯಿ ಸತ್ತೋಳು ನಾನು. ಅವತ್ತು ಒಂದು ಮಾತು ಆಡಿದ್ರೆ ಇವತ್ತು ಇದು ಬರ್ತಿರಲಿಲ್ಲ."

ವಿದ್ಯಾರ್ಥಿಗಳ ಉತ್ತರ ಪತ್ರಿಕೆಯಲ್ಲಿ ಒಂದು ಅಕ್ಷರ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದವಳು ನಾನು. ಆದರೂ ಒಂದು ಅಕ್ಷರದ ತಪ್ಪಿಗೆ ಯಾವ ದೇವರೂ ಮನುಷ್ಯನ ಲಿವರ್ ತಿನ್ನುವುದಿಲ್ಲ ಎಂದು ಅಮ್ಮನಿಗೆ ಹೇಳಿದೆ. ಹಾಗಿದ್ದರೆ ಇಷ್ಟು ವರ್ಷ ಅವನು ಹೇಗೆ ಚೆನ್ನಾಗಿದ್ದ ಎಂದು ವಾದಿಸಿದೆ. ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನು ಬಿಡಿಸಿ ಬಿಡಿಸಿ ಓದಿದೆ. ಯಾವುದೂ ಅವಳ ಕಿವಿಗೆ ಹೋಗಲಿಲ್ಲ. ಮಗನನ್ನು ತಾನೇ ಕೊಲ್ಲುತ್ತಿದ್ದೇನೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಮಂಡಿ ನೋವಿನಿಂದ ಮನೆಯ ಹೊಸ್ತಿಲು ದಾಟಲಾರದವಳು, ತಾನೇ ಬಸ್ಸು ಹತ್ತುತ್ತೇನೆ ಎಂದು ಹಟ ಹಿಡಿದಳು. ಕೊನೆಗೆ ನಾನು ಹೋಗುತ್ತೇನೆ ಎಂದೆ. ತಮ್ಮ ಉಳಿಯುತ್ತಾನೆ ಎಂಬ ಆಸೆ ನನಗಿರಲಿಲ್ಲ. ಅಮ್ಮನಾದರೂ ಈ ಪಾಪ ಹೊತ್ತುಕೊಳ್ಳದೆ ಉಳಿಯಲಿ ಎಂದು ಹೊರಟೆ.

ಬೆಳಿಗ್ಗೆ ತಮ್ಮನಿಗೆ ಎಲ್ಲ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಹುಟ್ಟಿದಾಗಿನಿಂದ ರಾಂಗ್ ಅಡ್ರೆಸ್ಸು ನಂದು." ಆಮೇಲೆ ಗಿರಣಿಯವನ ಗಂಭೀರ ಮುಖ ಮಾಡಿ, "ಕೂಸಿನ ತೂಕವಾ, ಈಗಿನ ತೂಕವಾ? ಈಗಿನದಾದ್ರೆ ನೀರಿನ ತೂಕ ಕಳೀಬೇಕಾ ಬೇಡ್ವಾ? ಅಮ್ಮನ್ನ ಸರಿಯಾಗಿ ಕೇಳು" ಎಂದ. ತಮಾಷೆಗೆಂದೇ ಫೋನು ಹಚ್ಚಿ ಕೇಳಿದೆ. ಅಮ್ಮನಿಗೆ ಅದು ತಮಾಷೆಯಾಗಿರಲಿಲ್ಲ. "ಅವನ ಮೈಯೊಳಗೆ ಇರೋದೆಲ್ಲ ಅವನೇ. ಇವತ್ತಿನ ತೂಕ, ಪೂರಾ ತಗೊಂಡು ಹೋಗು" ಎಂದಳು. ತಮ್ಮ ಆ ಕಡೆ ತಿರುಗಿ ಮಲಗಿದ.

ಆಯಾಳಿಗೆ ಅವನನ್ನು ನೋಡಿಕೊಳ್ಳಲು ಹೇಳಿ ಆಟೋ ಹಿಡಿದೆ. ಆಸ್ಪತ್ರೆ ಮತ್ತು ಅದರ ಹಿಂದಿನ ಬಾಡಿಗೆ ಕೋಣೆ, ಇವೆರಡು ಬಿಟ್ಟರೆ ಆ ಊರಿನಲ್ಲಿ ನಾನು ಏನನ್ನೂ ನೋಡಿರಲಿಲ್ಲ. ಮೊದಲು ಯಶವಂತಪುರಕ್ಕೆ ಹೋಗಿ ಕಲ್ಲುಪ್ಪಿನ ಒಂದು ಮೂಟೆ, ಮೇಲಿನ ತೂಕಕ್ಕೆ ಬಿಡಿ ಪೊಟ್ಟಣ ಕೊಂಡೆ. ಆಟೋದವನು ಟಿ. ದಾಸರಹಳ್ಳಿಯವನಂತೆ, ಬಾಯಿ ಸುಮ್ಮನಿರದ ಮನುಷ್ಯ. ಮೂಟೆಯನ್ನು ಕಾಲಿಡುವ ಜಾಗಕ್ಕೆ ತಳ್ಳುತ್ತ, "ಏನ್ ಮೇಡಂ, ಹೋಟ್ಲು ಇಡ್ತಿದೀರಾ?" ಎಂದ. ಮರಿಯಮ್ಮನ ಗುಡಿಗೆ ಹರಕೆ ಎಂದೆ. "ಓ, ಗೊತ್ತು ಬಿಡಿ" ಎಂದು ಹೊರಟ.

ಮೂಟೆಯ ಮೇಲೆ ಕಾಲಿಟ್ಟುಕೊಂಡು ಕೂತಿದ್ದೆ, ಬೇರೆ ಜಾಗವಿರಲಿಲ್ಲ. ದೇವರಿಗೆ ಕೊಡುವುದನ್ನು ತುಳಿದುಕೊಂಡು ಹೋಗುತ್ತಿದ್ದೇನಲ್ಲ ಎಂದು ಮನಸ್ಸು ಕಸಿವಿಸಿಯಾಯಿತು. ವಿದ್ಯಾರಣ್ಯಪುರ ದಾಟಿ ಯಲಹಂಕದ ಕಡೆಗೆ ಒಳರಸ್ತೆಯಲ್ಲಿ ಹೋದೆವು. ಕೆರೆ ಏರಿ ಮೇಲೆ ನಡೆದು ಹುಣಸೆ ತೋಪು ದಾಟಿದರೆ ಗುಡಿ ಎಂದು ಅಮ್ಮ ಹೇಳಿದ್ದಳು. ಏರಿಯ ಮೇಲೆ ಡಾಂಬರು, ತೋಪಿದ್ದ ಕಡೆ ಅಪಾರ್ಟ್‌ಮೆಂಟು. ಆಟೋ ಒಂದು ಗೋಪುರದ ಮುಂದೆ ನಿಂತಿತು. ಬೇವಿನ ಮರ, ಕೆಂಪು ಸೀರೆ, ಬೆಳ್ಳಿ ಕಣ್ಣು. "ಬಂತು ನೋಡಿ ಮಾರಮ್ಮನ ಗುಡಿ" ಎಂದ.

ನನಗೆ ಅಳು ಬರುವ ಹಾಗಾಯಿತು, ನಗುವೂ ಬಂತು. ಐವತ್ತು ವರ್ಷದ ಹಿಂದೆ ಅಜ್ಜಿ ಮಾಡಿದ ತಪ್ಪನ್ನೇ ಇವನೂ ಮಾಡಿದ್ದ. "ಮಾರಮ್ಮ ಅಲ್ಲಪ್ಪ, ಮರಿಯಮ್ಮ. ಯೇಸುಸ್ವಾಮಿ ತಾಯಿ" ಎಂದೆ. ಅವನು ಹಣೆ ಚಚ್ಚಿಕೊಂಡ. "ಚರ್ಚ್ ಅಂತ ಹೇಳ್ಬಾರ್ದಾ ಮೇಡಂ! ಗುಡಿ ಅಂದ್ರೆ ನಾನೇನ್ ಅಂದ್ಕೊಳ್ಳಿ?" ಹೂ ಮಾರುವವಳನ್ನು ಕೇಳಿದರೆ ಹಿಂದಿನ ರಸ್ತೆ ತೋರಿಸಿದಳು. ಎರಡು ಗುಡಿಗೂ ನಡುವೆ ಒಂದು ಬೇಕರಿ, ಒಂದು ಗ್ಯಾಸ್ ಗೋಡೌನು, ಅಷ್ಟೇ.

ಹೊಸ ಚರ್ಚು ದೊಡ್ಡದು, ಗ್ರಾನೈಟು ಹಾಸಿ ಮದುವೆ ಛತ್ರದ ಹಾಗೆ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಹಳೆಯದು. ಯಾವ ಕಾಲದಲ್ಲೋ ಫ್ರಾನ್ಸಿನಿಂದ ಬಂದ ಸ್ವಾಮಿಗಳು ಕಟ್ಟಿಸಿದ್ದಂತೆ. ಮೊಳ ದಪ್ಪದ ಗೋಡೆ, ಹೆಂಚಿನ ಸೂರು, ಬಗ್ಗಿ ಹೋಗಬೇಕಾದ ಬಾಗಿಲು. ಪುಟ್ಟ ಕಟ್ಟಡ. ಬೇರೆ ದಿನವಾಗಿದ್ದರೆ ನಾನು ಅದನ್ನು ಗಂಟೆಗಟ್ಟಲೆ ನೋಡುತ್ತಿದ್ದೆ. ಅವತ್ತು ಕಣ್ಣಿಗೆ ಬಿದ್ದದ್ದು ಬಾಗಿಲ ಪಕ್ಕದ ಬೋರ್ಡು ಒಂದೇ. ದಯವಿಟ್ಟು ಉಪ್ಪು, ಮೆಣಸು ತರಬಾರದು ಎಂದು ಅದರ ಮೇಲೆ ಬರೆದಿತ್ತು.

ಅಲ್ಲಿ ಮೇಣದ ಬತ್ತಿ ಮಾರುತ್ತಿದ್ದ ಮುದುಕಿ ನನ್ನ ಮುಖ ನೋಡಿ ಎದ್ದು ಬಂದಳು. ಅದೇ ಹಳ್ಳಿಯವಳು, ಅಲ್ಲೇ ಹುಟ್ಟಿ ಅಲ್ಲೇ ಮದುವೆಯಾದವಳು. "ಉಪ್ಪು ತಂದ್ಯೇನವ್ವ? ಈಗ ಇಸ್ಕಳಲ್ಲ. ಸುರ್ದು ಸುರ್ದು ಗೋಡೇನೆ ತಿಂದಾಕ್ಬುಡ್ತು." ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಪೀಠದ ಹಿಂದಿನ ಗೋಡೆ ಸೊಂಟದ ಎತ್ತರದವರೆಗೆ ಬೊಬ್ಬೆ ಎದ್ದಿತ್ತು. ಗಾರೆ ಪುಡಿಪುಡಿಯಾಗಿ ಉದುರಿ ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಮುಟ್ಟಿದರೆ ಬೆರಳಿಗೆ ಬಿಳಿ ಹಿಟ್ಟು ಮೆತ್ತಿತು. ಎಷ್ಟು ತಾಯಂದಿರು ಎಷ್ಟು ಕೂಸುಗಳನ್ನು ತೂಗಿ ಸುರಿದಿದ್ದರೋ, ಅಷ್ಟೂ ಅಲ್ಲಿತ್ತು.

ಕಬ್ಬಿಣದ ಜಾಲರಿಯ ಹಿಂದೆ ಮರಿಯಮ್ಮ ನಿಂತಿದ್ದಳು. ನೀಲಿ ಸೀರೆ, ಕನಕಾಂಬರದ ಮಾಲೆ. "ಇವಳೇನಾ ಹಳೇ ಮರಿಯಮ್ಮ?" ಎಂದು ಕೇಳಿದೆ.

"ಇದು ಒಸದು ಕಣವ್ವ. ಅಳೇ ಅಮ್ಮಂಗೆ ಉಪ್ಪಿನ ನೀರು ಇಡ್ದು ಪಾದ ಎಲ್ಲ ಓಗ್ಬುಡ್ತು. ಸ್ವಾಮಿಗೋಳು ಮಂತ್ರ ಮಾಡಿದ್ ಇಗ್ರಹ ಅಂಗೆಲ್ಲ ಬಿಸಾಕಂಗಿಲ್ಲ ನೋಡು. ಗುಡಿ ಇಂದೆ ಮಣ್ಣು ಮಾಡಿದ್ರು."

ಮಣ್ಣು ಮಾಡಿದರು ಎನ್ನುವ ಮಾತನ್ನು ನಾವು ಸತ್ತ ಮನುಷ್ಯರಿಗೆ ಆಡುತ್ತೇವೆ. ಹಿಂದಕ್ಕೆ ಹೋಗಿ ನೋಡಿದೆ. ಅಲ್ಲಿ ಸಿಮೆಂಟಿನ ಟೈಲ್ಸು ಹಾಸಿ ಕಾರು ನಿಲ್ಲಿಸುವ ಜಾಗ ಮಾಡಿದ್ದರು. ಯಾವ ಕಾರಿನ ಕೆಳಗೆ ಎಂದು ಮುದುಕಿಗೂ ಸರಿಯಾಗಿ ನೆನಪಿರಲಿಲ್ಲ. ಅಮ್ಮ ಯಾರ ಮುಂದೆ ಸೆರಗೊಡ್ಡಿ ಬೇಡಿಕೊಂಡಿದ್ದಳೋ ಅವಳೇ ಇರಲಿಲ್ಲ.

ಅಷ್ಟರಲ್ಲಿ ಫಾದರ್ ಬಂದರು. ಚಿಕ್ಕ ವಯಸ್ಸು, ಮೃದು ಮಾತು. ನಾನು ಎಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿದರು. "ದೇವರಿಗೆ ಉಪ್ಪು ಬೇಕಾಗಿಲ್ಲ ಅಮ್ಮ. ನಿಮ್ಮ ತಾಯಿಯವರ ನಂಬಿಕೆನೇ ಸಾಕು" ಎಂದರು.

"ದೇವರಿಗೆ ಬೇಡ ಫಾದರ್, ನಮ್ಮಮ್ಮನಿಗೆ ಬೇಕು" ಎಂದೆ. ದನಿ ಏರಿತ್ತು. "ಒಂದು ಮೂಲೇಲಿ ಇಟ್ಟುಕೊಳ್ಳಿ. ನಾನು ಹೋದ ಮೇಲೆ ಏನಾದ್ರೂ ಮಾಡಿ."

ಅವರು ನೊಂದುಕೊಂಡರು, ಅದು ನನಗೆ ಕಂಡಿತು. ಒಬ್ಬರದು ತೆಗೆದುಕೊಂಡರೆ ಎಲ್ಲರದೂ ತೆಗೆದುಕೊಳ್ಳಬೇಕಾಗುತ್ತದೆ, ಗೋಡೆ ಇನ್ನೊಂದು ಮಳೆಗಾಲ ತಡೆಯುವುದೂ ಅನುಮಾನ ಎಂದರು. ಅದೂ ನಿಜವೇ. ನಾಳೆಯ ಪೂಜೆಯಲ್ಲಿ ತಮ್ಮನಿಗಾಗಿ ಪ್ರಾರ್ಥಿಸುತ್ತೇವೆ ಎಂದು ಹೆಸರು ಕೇಳಿದರು. ಹೇಳಿದೆ. ಆಮೇಲೆ, ಅವರಿಗದು ದಿನನಿತ್ಯದ ಮಾತು ಇರಬೇಕು, "ಇದಾರೋ, ತೀರ್ಕೊಂಡ್ರೋ?" ಎಂದರು.

"ಇದಾನೆ" ಎಂದು ಕಿರುಚಿಯೇ ಬಿಟ್ಟೆ. ಮುದುಕಿ ನನ್ನ ಬೆನ್ನು ಸವರಿದಳು. ಒಂದು ಮೇಣದ ಬತ್ತಿ ಹಚ್ಚಿ ಹೊರಗೆ ಬಂದೆ.

ಆಟೋದವನು ಮೂಟೆ ಇಳಿಸಲು ಅಂಗಿಯ ತೋಳು ಮಡಚಿ ನಿಂತಿದ್ದ. ವಿಷಯ ಕೇಳಿ ಅವನಿಗೂ ಬೇಜಾರಾಯಿತು. "ಹೋಗ್ಲಿ ಬಿಡಿ ಮೇಡಂ, ಆ ಮಾರಮ್ಮನ ಗುಡೀಲೇ ಕೊಟ್ಟುಬಿಡೋಣ. ಅವರೇನೂ ಬೇಡ ಅನ್ನಲ್ಲ" ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಅವನನ್ನು ಗದರಿಸಿದೆ. ಒಂದು ಮನೆಯಲ್ಲಿ ಒಂದೇ ತಪ್ಪು ಎರಡು ಸಲ ಆಗುವುದು ನನಗೆ ಬೇಕಿರಲಿಲ್ಲ.

ಆಟೋದಲ್ಲಿದ್ದಾಗಲೇ ಅಮ್ಮನ ಫೋನು. "ಕೊಟ್ಯಾ?" ಕೊಟ್ಟೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೂಟೆ ನನ್ನ ಕಾಲ ಕೆಳಗೇ ಇತ್ತು, ನಾಳೆ ಊರಿಗೆ ಹೊರಟಾಗ ಅದನ್ನು ಎಲ್ಲಿ ಬಚ್ಚಿಡಲಿ? ಇಸ್ಕೊಳ್ಳಲಿಲ್ಲ ಅಮ್ಮ, ಈಗ ಉಪ್ಪು ತೆಗೆದುಕೊಳ್ಳುವ ಪದ್ಧತಿ ಇಲ್ಲವಂತೆ ಎಂದೆ. ಹಳೆಯ ಮರಿಯಮ್ಮನನ್ನು ಹೂತಿದ್ದನ್ನು ಮಾತ್ರ ಹೇಳಲಿಲ್ಲ.

"ಹೂಂ" ಎಂದಳು ಅಮ್ಮ. "ಅವಳಾದ್ರೂ ಎಷ್ಟು ವರ್ಷ ಕಾಯ್ತಾಳೆ."

ನನಗೆ ರೇಗಿತು. ಬಾಯಿಗೆ ಬಂದಂತೆ ಅಂದೆ, ನಿನ್ನ ಉಪ್ಪೂ ಬೇಡ ನಿನ್ನ ದೇವರೂ ಬೇಡ ಎಂದೆ. ಅಮ್ಮ ತಿರುಗಿ ಒಂದು ಮಾತೂ ಆಡಲಿಲ್ಲ. ಆ ಸೆರಗು ಹೊದ್ದು ನಿಂತ ಸೊಸೆಯೇ ಮತ್ತೆ ಫೋನಿನ ಆ ಕಡೆ ಇದ್ದಳು.

ಮರುದಿನ ತಮ್ಮನನ್ನು ಆಂಬ್ಯುಲೆನ್ಸಿನಲ್ಲಿ ಊರಿಗೆ ಕರೆತಂದೆ. ಮೂಟೆಯನ್ನೂ ಅವನ ಮಂಚದ ಕೆಳಗೆ ಹಾಕಿಕೊಂಡು ಬಂದೆವು, ಬಾಡಿಗೆ ಕೋಣೆಯವನಿಗೆ ಬಿಟ್ಟುಬರಲು ಮನಸ್ಸಾಗಲಿಲ್ಲ. ದಾರಿಯಲ್ಲಿ ಅವನು ಎಚ್ಚರವಾದಾಗಲೊಮ್ಮೆ, "ನನ್ನ ಜೋಡಿ ಬರ್ತಾ ಇದೆಯಾ?" ಎಂದು ಮೂಟೆಯನ್ನು ಕೇಳುತ್ತಿದ್ದ.

ಮನೆಯಲ್ಲಿ ಅಮ್ಮ ಅವನಿಗೆ ಮಜ್ಜಿಗೆ ಅನ್ನ ಕಲಸಿ ಉಪ್ಪು ಹಾಕಿದಳು. ನಾನು ತಡೆಯಲಿಲ್ಲ, ಇನ್ನು ಯಾರ ಪಥ್ಯ. ಎರಡು ತುತ್ತು ತಿಂದು, "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂದು ಪಾಠ ಒಪ್ಪಿಸುವ ಹುಡುಗನ ರಾಗದಲ್ಲಿ ಹೇಳಿ ನನ್ನ ಕಡೆ ಕಣ್ಣು ಹೊಡೆದ. ಆ ಉಪ್ಪು ಡಬ್ಬಿಯದು. ಡಬ್ಬಿ ಖಾಲಿಯಾಗುತ್ತ ಬಂದಾಗ ಮೂಟೆ ಬಿಚ್ಚೋಣ ಎಂದರೆ ಅಮ್ಮ ಬಿಡಲಿಲ್ಲ. "ಅದು ಅವಳದು. ಮುಟ್ಬೇಡ" ಎಂದು ಅಂಗಡಿಗೆ ಕಳಿಸಿದಳು. ವಾರ ತುಂಬುವ ಮೊದಲೇ ತಮ್ಮ ಹೋದ. ಬೆಳಗಿನ ಹೊತ್ತು, ಅಮ್ಮ ಕಾಲು ಒತ್ತುತ್ತಿದ್ದಳು. ಒತ್ತುತ್ತಲೇ ಇದ್ದಳು, ನಾನೇ ಕೈ ಹಿಡಿದು ನಿಲ್ಲಿಸಬೇಕಾಯಿತು.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಗುಂಡಿಯಲ್ಲಿ ಹೆಣದ ಸುತ್ತ ಉಪ್ಪು ಹಾಕುವ ಪದ್ಧತಿ. ಇಷ್ಟು ದಿನ ಉಪ್ಪಿನ ಹಿಂದೆ ಅಲೆದ ನನಗೆ ಇದೊಂದು ನೆನಪಾಗಿರಲಿಲ್ಲ. ಹೊಲದಿಂದ ಒಬ್ಬರು ಬಂದು, "ಗುಂಡಿ ಆಯ್ತು. ಉಪ್ಪು ತರಿಸಿದೀರಾ?" ಎಂದು ಕೇಳಿದಾಗಲೇ ಅದು ಹೊಳೆದದ್ದು. ಯಾರೋ ಅಂಗಡಿಗೆ ಹೊರಟರು. ನಾನು ಅಮ್ಮನ ಮುಖ ನೋಡಿದೆ. ಅವಳು ಗೋಡೆಯ ಪಕ್ಕದ ಮೂಟೆಯನ್ನು ನೋಡುತ್ತಿದ್ದಳು. ಆಗಲಿ ಎನ್ನುವಂತೆ ತಲೆ ಆಡಿಸಿದಳು. ಬಂದವರು ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಬಿಡಿ ಪೊಟ್ಟಣಗಳನ್ನು ನಾನು ಹಿಡಿದುಕೊಂಡೆ.

ಮಣ್ಣು ಮಾಡಿ ಬಂದು, ಕಾಲು ತೊಳೆದು, ದೀಪ ನೋಡಿ ಎಲ್ಲರೂ ಹೊರಟು ಹೋದರು. ಅಮ್ಮ ಅವನ ಮಂಚದ ತುದಿಯಲ್ಲಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಪೂರಾ ಹಾಕಿದ್ರಾ?" ಎಂದಳು.

"ಪೂರಾ."

"ಪೊಟ್ಟಣನೂ?"

"ಪೊಟ್ಟಣನೂ ಅಮ್ಮ. ಒಂದು ಹರಳೂ ಉಳಿಸಿಲ್ಲ."

ಅಮ್ಮ ಹೂಂಗುಟ್ಟಿದಳು. ಸಮಾಧಾನವಾಯಿತೇನೋ ಎಂದುಕೊಂಡೆ. ಆಮೇಲೆ ನನ್ನ ಕಡೆ ತಿರುಗಿ, ನಾಲ್ಕಕ್ಷರ ಓದಿದ ಮಗಳಿಗೆ ಗೊತ್ತಿದ್ದೇ ಇರುತ್ತದೆ ಎನ್ನುವ ಹಾಗೆ ಕೇಳಿದಳು.

"ಈ ಸಲ ಯಾರಿಗೆ ಹೋಯ್ತೇ?"